ಗಡಿಸೀಮೆಯ ಆಡುನುಡಿ: ಕೆಂಚಾರ್ಲಹಳ್ಳಿಯ ಸುತ್ತಿನ ತೆಲುಗು ಮತ್ತು ಅದರ ಚರಿತ್ರೆ

೧

ಚಿಂತಾಮಣಿ ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಕೆಂಚಾರ್ಲಹಳ್ಳಿಯ ಹೆಸರನ್ನೇ ಮೊದಲು ಪರೀಕ್ಷಿಸೋಣ. ಇದರ ಉತ್ತರಪದವಾದ ‘ಹಳ್ಳಿ’ ಅಚ್ಚಗನ್ನಡದ್ದು. ಪೂರ್ವಪದದ ಆದಿಯಲ್ಲಿರುವ ‘ಕೆಂಚ’ ಎಂಬುದೂ ಕನ್ನಡಿಗರಿಗೆ ಪರಿಚಿತವಾದ ಮಾತೇ. ಇವೆರಡರ ನಡುವೆ ನಿಂತಿರುವ ‘ರ್ಲ’ ಎಂಬುದು ಮಾತ್ರ ಕನ್ನಡದ ವಿಭಕ್ತಿರೂಪವಾಗಿ ತೋರುವುದಿಲ್ಲ. ಅದೇ ಸೀಮೆಯ ಚಿಲಕಲನೇರ್ಪು ಎಂಬ ಊರಿನ ಹೆಸರನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸೂಚನೆ ದೊರೆಯುತ್ತದೆ. ತೆಲುಗಿನಲ್ಲಿ ‘ಚಿಲಕ’ ಎಂದರೆ ಗಿಳಿ, ‘ಚಿಲಕಲು’ ಎಂದರೆ ಗಿಳಿಗಳು, ‘ಚಿಲಕಲ’ ಎಂದರೆ ಗಿಳಿಗಳ. ಬಹುವಚನದ ಷಷ್ಠಿಯಲ್ಲಿ ಬರುವ ಈ ಲಕಾರವೇ ಕೆಂಚಾರ್ಲಹಳ್ಳಿಯ ನಡುವಿನಲ್ಲಿಯೂ ಇದ್ದಂತೆ ತೋರುತ್ತದೆ. ಸ್ಥಳನಾಮಗಳ ವಿಷಯದಲ್ಲಿ ಶಾಸನಸ್ಥವಾದ ಪ್ರಾಚೀನ ರೂಪವೇ ಅಂತಿಮ ಪ್ರಮಾಣವಾದ್ದರಿಂದ ಇದನ್ನು ಊಹೆಯೆಂದೇ ಇಲ್ಲಿ ಮುಂದಿಡಲಾಗಿದೆ. ಊಹೆ ಸರಿಯಾದರೆ, ಮೊದಲೂ ಕೊನೆಯೂ ಕನ್ನಡವಾಗಿ, ಅವನ್ನು ಹೊಂದಿಸಿದ ಬೆಸುಗೆ ಮಾತ್ರ ತೆಲುಗಾಗಿರುವ ಹೆಸರು ಇದು.

ಹೀಗೆ ಹೆಸರಿಟ್ಟವರು ಕನ್ನಡಿಗರೋ ತೆಲುಗರೋ ಎಂದು ಕೇಳುವುದು ಸಹಜ. ಆದರೆ ಆ ಪ್ರಶ್ನೆಯೇ ಇಲ್ಲಿ ಸಲ್ಲದೆಂಬುದು ಪ್ರಕೃತ ಲೇಖನದ ಅಭಿಪ್ರಾಯ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು ಸೀಮೆಗಳಲ್ಲಿ ಮನೆಯೊಳಗೆ ತೆಲುಗನ್ನೂ ಕಚೇರಿ ಶಾಲೆಗಳಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಅಸಂಖ್ಯಾತವಾಗಿವೆ. ಇವರ ತೆಲುಗಿನ ಬಗೆಗೆ ಎರಡು ಅಭಿಪ್ರಾಯಗಳು ಬಹುಕಾಲದಿಂದ ರೂಢಿಯಲ್ಲಿವೆ. ಇದು ವಲಸೆ ಬಂದವರು ಹೊತ್ತು ತಂದ, ಕನ್ನಡ ಬೆರೆತು ಕೆಟ್ಟ ತೆಲುಗು ಎಂಬುದು ಒಂದು. ಈ ನಾಡು ಮೂಲತಃ ತೆಲುಗುನಾಡೇ ಆಗಿದ್ದು ರಾಜಕೀಯ ಕಾರಣದಿಂದ ಮೈಸೂರಿಗೆ ಸೇರಿತೆಂಬುದು ಇನ್ನೊಂದು. ಇವೆರಡೂ ಚರಿತ್ರೆಗೆ ಒಪ್ಪುವುದಿಲ್ಲವೆಂದು ತೋರಿಸಿ, ಈ ನುಡಿಯು ಸ್ವತಃ ಒಂದು ಚಾರಿತ್ರಿಕ ದಾಖಲೆಯೆಂಬುದನ್ನೂ ಅದು ಇದುವರೆಗೆ ಯಾವ ದೊಡ್ಡ ಸಮೀಕ್ಷೆಯ ಬಲೆಗೂ ಸರಿಯಾಗಿ ಬೀಳದೆ ಹೋದ ಬಗೆಯನ್ನೂ ವಿವೇಚಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಶಾಸನಗಳ ಸಾಕ್ಷ್ಯವನ್ನು ಗಮನಿಸಬೇಕು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ತಾಲ್ಲೂಕುಗಳೂ ಆ ಸಂಪುಟದಲ್ಲಿಯೇ ಅಡಕವಾಗಿವೆ. ಒಂದೇ ಜಿಲ್ಲೆಯ ಈ ಸಂಪುಟವನ್ನು ತಿರುವಿದಾಗ ಕನ್ನಡ, ತಮಿಳು, ತೆಲುಗು ಮೂರೂ ಎದುರಾಗುತ್ತವೆ. ಗಂಗರು, ಬಾಣರು, ನೊಳಂಬರು, ವೈದುಂಬರು ಒಬ್ಬರ ಗಡಿಯನ್ನೊಬ್ಬರು ಒತ್ತುತ್ತಿದ್ದ ಕಾಲದ ವೀರಗಲ್ಲುಗಳು ಕನ್ನಡದಲ್ಲಿವೆ. ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ನಾಡನ್ನು ಹಿಡಿದ ಮೇಲೆ ತಮಿಳು ಶಾಸನಗಳು ತಲೆಯೆತ್ತಿದವು. ಕೋಲಾರದ ಕೋಲಾರಮ್ಮನ ಗುಡಿಯ ಗೋಡೆಗಳು ಅದಕ್ಕೆ ಪ್ರಸಿದ್ಧ ನಿದರ್ಶನ. ವಿಜಯನಗರದ ಕಾಲಕ್ಕೆ ಬರುವಾಗ ಕನ್ನಡದ ಜೊತೆಗೆ ತೆಲುಗು ಶಾಸನಗಳೂ ಕಾಣಸಿಗುತ್ತವೆ.

ಇಲ್ಲಿ ಎಚ್ಚರಿಕೆ ಅವಶ್ಯ. ಶಾಸನದ ಭಾಷೆಯಿಂದ ಆಳಿದವರ ಭಾಷೆಯೂ ಬರೆದವರ ಭಾಷೆಯೂ ತಿಳಿಯುತ್ತವೆಯೇ ಹೊರತು ಉತ್ತವರ ಭಾಷೆ ನೇರವಾಗಿ ತಿಳಿಯುವುದಿಲ್ಲ. ಚೋಳರ ತಮಿಳು ಕಲ್ಲಿನ ಮೇಲೆ ಉಳಿಯಿತು. ಚಿಂತಾಮಣಿಯ ಸುತ್ತಿನ ಹಳ್ಳಿಗಳ ಸಾಮಾನ್ಯ ಭಾಷೆಯಾಗಿ ಅದು ಉಳಿಯಲಿಲ್ಲ. ಆದ್ದರಿಂದ ಪ್ರಾಚೀನ ಕನ್ನಡ ಶಾಸನಗಳನ್ನು ತೋರಿಸಿ ಈ ಸೀಮೆಯಲ್ಲಿ ತೆಲುಗು ತೀರ ಈಚಿನದೆಂದು ಸಾಧಿಸುವುದು ಸುಲಭವಲ್ಲ. ದೊರೆತಿರುವ ತೆಲುಗು ಶಾಸನಗಳಲ್ಲಿ ಅತಿ ಪ್ರಾಚೀನವೆಂದು ಪ್ರಸಿದ್ಧವಾದುದು ಕ್ರಿ. ಶ. ೫೭೫ರ ಸುಮಾರಿನ ಕಲಮಳ್ಳ ಶಾಸನ. ರೇನಾಡಿನ ಚೋಳರಿಗೆ ಸೇರಿದ ಇದು ದೊರೆತದ್ದು ಕಡಪ ಸೀಮೆಯಲ್ಲಿ, ಎಂದರೆ ಕೋಲಾರ ನಾಡಿನಿಂದ ಬಹು ದೂರವಲ್ಲದ ಪ್ರದೇಶದಲ್ಲಿ. ಪ್ರತಿಯಾಗಿ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇಂದು ಆಂಧ್ರಪ್ರದೇಶದಲ್ಲಿದೆ. ಅಲ್ಲಿಯ ನೊಳಂಬ ಶಾಸನಗಳು ಕನ್ನಡದವು. ಮಡಕಶಿರಾ ಸೀಮೆಯಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಹಳ್ಳಿಗಳಿವೆ. ಅದಕ್ಕೆ ಹೊಂದಿಕೊಂಡ ಪಾವಗಡ ಕರ್ಣಾಟಕದಲ್ಲಿದ್ದು ಅಲ್ಲಿ ತೆಲುಗು ಧಾರಾಳವಾಗಿ ಕೇಳಿಬರುತ್ತದೆ. ಎರಡು ಭಾಷೆಗಳ ನಡುವೆ ಇದ್ದುದು ಒಂದು ಗೆರೆಯಲ್ಲ, ಅಗಲವಾದ ಒಂದು ಪಟ್ಟಿ. ಕೆಂಚಾರ್ಲಹಳ್ಳಿ ಆ ಪಟ್ಟಿಯೊಳಗಿನ ಊರು.

ವಿಜಯನಗರದ ಕಾಲದಲ್ಲಿ ಈ ಪಟ್ಟಿಯಲ್ಲಿ ತೆಲುಗಿಗೆ ಹೆಚ್ಚಿನ ಬಲ ಬಂದಿತು. ೧೫೬೫ರ ಯುದ್ಧಾನಂತರ ಅರವೀಡು ವಂಶದ ಅರಸರು ರಾಜಧಾನಿಯನ್ನು ಪೆನುಕೊಂಡೆಗೆ ಸಾಗಿಸಿದರು. ಗೌರಿಬಿದನೂರು, ಬಾಗೇಪಲ್ಲಿ ಸೀಮೆಗಳು ಆ ರಾಜಧಾನಿಯ ಆಸುಪಾಸಿನವೇ ಆದವು. ಪಾಳೆಯಗಾರರ ಆಸ್ಥಾನಗಳಲ್ಲಿ ತೆಲುಗಿಗೆ ಗೌರವವಿತ್ತು. ಆವತಿನಾಡಿನಲ್ಲಿ ನೆಲೆಸಿ ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳಲ್ಲಿ ಹಬ್ಬಿದ ಪ್ರಭುಗಳು ಮೊರಸು ಒಕ್ಕಲಿನವರು. ಅವರ ಹಿರಿಯರು ಕಂಚಿಯ ಕಡೆಯಿಂದ ಬಂದರೆಂದು ಐತಿಹ್ಯ ಹೇಳುತ್ತದೆ. ಯಲಹಂಕದ ಕೆಂಪೇಗೌಡನು ‘ಗಂಗಾಗೌರೀವಿಲಾಸ’ವೆಂಬ ಯಕ್ಷಗಾನವನ್ನು ತೆಲುಗಿನಲ್ಲಿ ರಚಿಸಿದನೆಂಬ ಪ್ರತೀತಿಯಿದೆ. ಬೆಂದಕಾಳೂರನ್ನು ಕಟ್ಟಿದವನೆಂದು ಕನ್ನಡಿಗರು ನೆನೆಯುವ ಪ್ರಭುವಿಗೆ ತೆಲುಗು ಕಾವ್ಯಭಾಷೆಯಾಗಿದ್ದುದು ಆ ಕಾಲಕ್ಕೆ ಯಾರಿಗೂ ವಿಚಿತ್ರವಾಗಿ ತೋರಿರಲಾರದು.

ಈ ಸ್ಥಿತಿಗೆ ಅತ್ಯುತ್ತಮ ನಿದರ್ಶನ ಚಿಂತಾಮಣಿ ತಾಲ್ಲೂಕಿನಲ್ಲಿಯೇ ಇದೆ. ಕೈವಾರದ ನಾರೇಯಣ ತಾತಯ್ಯನವರು ೧೭೨೬ರಿಂದ ೧೮೩೬ರವರೆಗೆ ಬಾಳಿದರೆಂದು ಸಂಪ್ರದಾಯ. ಬಳೆಗಾರರಾಗಿ ಊರೂರು ತಿರುಗಿದ ಇವರು ಅಮರನಾರೇಯಣಸ್ವಾಮಿಯನ್ನು ಸ್ಮರಿಸಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅವರ ‘ಕಾಲಜ್ಞಾನ’ ಈ ಸೀಮೆಯ ಜನರ ನಾಲಿಗೆಯ ಮೇಲಿದೆ. ಅವರ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು ಓದಿ ಹಾಡುತ್ತಾರೆ. ಎರಡು ಲಿಪಿಗಳೂ ಒಂದೇ ಬೇರಿನವಾದ್ದರಿಂದ ಇದು ಕಷ್ಟವಾಗಲಿಲ್ಲ. ಬಳೆಗಾರನು ಮನೆಮನೆಯ ಜಗಲಿಯಲ್ಲಿ ಕುಳಿತು ಮಾತನಾಡಬೇಕಾದವನು. ಎರಡು ಭಾಷೆ ಅವನ ವೃತ್ತಿಗೆ ಬೇಕಾದ ಸಾಮಗ್ರಿ. ಅವನು ತತ್ತ್ವ ಹಾಡಿದಾಗಲೂ ಎರಡರಲ್ಲಿಯೂ ಹಾಡಿದನು.

೩

ಈ ಎರಡು ಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದುವು. ಇದರಿಂದ ಸಂಶೋಧಕನಿಗೆ ವಿಶೇಷವಾದ ತೊಡಕೊಂದು ಒದಗುತ್ತದೆ. ಬೇರೆಬೇರೆ ಕುಟುಂಬದ ಭಾಷೆಗಳು ಸೇರಿದಲ್ಲಿ ಕೊಂಡದ್ದು ಯಾವುದು, ಹುಟ್ಟಿನಿಂದ ಬಂದದ್ದು ಯಾವುದು ಎಂದು ತಿಳಿಯುವುದು ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಗಡಿಯೂರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಟ್ಟಿಗೆ ಬಾಳಿದ್ದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ೧೯೭೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅಲ್ಲಿ ಶಬ್ದಗಳು ಬೇರೆಯಾಗಿಯೇ ಉಳಿದು, ವಾಕ್ಯಗಳ ಕಟ್ಟಡ ಮಾತ್ರ ಒಂದರಂತೊಂದು ಆಯಿತೆಂಬುದು ಅವರು ಕಂಡ ಮುಖ್ಯ ಸಂಗತಿ. ಚಿಂತಾಮಣಿಯ ಸೀಮೆಯಲ್ಲಿ ವಾಕ್ಯದ ಕಟ್ಟಡ ಮೊದಲಿನಿಂದಲೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಇಲ್ಲಿ ಧ್ವನಿವ್ಯತ್ಯಾಸಗಳನ್ನೇ ಒರೆಗಲ್ಲಾಗಿ ಹಿಡಿಯಬೇಕು.

ಅಂಥ ಒರೆಗಲ್ಲುಗಳು ಮುಖ್ಯವಾಗಿ ಎರಡು. ಇ, ಎ ಸ್ವರಗಳ ಹಿಂದಿನ ಕಕಾರವು ತೆಲುಗಿನಲ್ಲಿ ಅದರ ಸಾಹಿತ್ಯಕಾಲಕ್ಕೆ ಬಹು ಹಿಂದೆಯೇ ಚಕಾರವಾಯಿತು. ಕನ್ನಡದಲ್ಲಿ ಹಾಗೆಯೇ ಉಳಿಯಿತು. ಕನ್ನಡದ ಕಿವಿ, ಕೆರೆಗಳಿಗೆ ತೆಲುಗಿನಲ್ಲಿ ಚೆವಿ, ಚೆರುವು ಎಂಬ ರೂಪಗಳಿರುವುದು ಇದರಿಂದಲೇ. ಎರಡನೆಯದು ಕನ್ನಡದಲ್ಲಿ ನಡೆದ ಮಾರ್ಪಾಟು. ಪದಾದಿಯ ಪಕಾರವು ಹಕಾರವಾಗುವುದು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ತೋರತೊಡಗಿ ನಡುಗನ್ನಡದಲ್ಲಿ ವ್ಯಾಪಕವಾಯಿತು. ಪಾಲು, ಪುಲಿ ಎಂಬ ಹಳಗನ್ನಡದ ಮಾತುಗಳು ಹಾಲು, ಹುಲಿಗಳಾದುವು. ತೆಲುಗಿನಲ್ಲಿ ಪಾಲು, ಪುಲಿ ಎಂದೇ ಇವೆ. ಆದ್ದರಿಂದ ಒಬ್ಬ ರೈತನು ತೆಲುಗಿನ ವಾಕ್ಯದ ನಡುವೆ ‘ಕೆರೆ’ ಎಂದರೆ ಆ ಮಾತು ಕನ್ನಡದಿಂದ ಬಂದದ್ದು. ಹಕಾರವಿರಬೇಕಾದಲ್ಲಿ ಪಕಾರವಿರುವ ಮಾತನ್ನು ಕನ್ನಡದ ವಾಕ್ಯದಲ್ಲಿ ಆಡಿದರೆ ಅದು ತೆಲುಗಿನ ಕೊಡುಗೆಯೋ ಹಳಗನ್ನಡದ ಉಳಿಕೆಯೋ ಎಂದು ವಿಚಾರಿಸಬೇಕು. ಈ ಒರೆಗಲ್ಲಿಗೆ ತಿಕ್ಕಿದರೆ ಕೆಂಚಾರ್ಲಹಳ್ಳಿಯ ಮೊದಲಕ್ಷರ ಕನ್ನಡದ ಕಡೆಗೆ ನಿಲ್ಲುತ್ತದೆ.

ಬೇಸಾಯದ ಮಾತುಗಳಲ್ಲಿ ಈ ಹೆಣಿಗೆ ಇನ್ನೂ ಸೂಕ್ಷ್ಮವಾಗಿದೆ. ನದಿಯ ಆಸರೆಯಿಲ್ಲದ ಈ ಬಯಲುಸೀಮೆಯ ಬಾಳು ಬಹುಕಾಲ ಕೆರೆಯನ್ನೇ ನಂಬಿತ್ತು. ಕೆರೆಯ ತೂಬು ತೆಲುಗಿನಲ್ಲಿ ತೂಮು. ಕಟ್ಟೆ ಅಲ್ಲಿ ಕಟ್ಟ. ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಎರಡು ಭಾಷೆಗಳಿಗೂ ಸೇರಿದವನು. ರಾಗಿಯ ಮುದ್ದೆಯನ್ನು ರಾಯಲಸೀಮೆಯ ತೆಲುಗರು ಸಂಗಟಿ ಎನ್ನುತ್ತಾರೆ. ಅವರೆಕಾಯಿಯನ್ನು ಅನಪಕಾಯಿ ಎನ್ನುತ್ತಾರೆ. ಗ್ರಂಥಸ್ಥ ತೆಲುಗಿನ ಅಕ್ಕಡ, ಇಕ್ಕಡ, ಎಕ್ಕಡ ಎಂಬುವಕ್ಕೆ ಆ ಸೀಮೆಯಲ್ಲಿ ಆಡ, ಈಡ, ಯಾಡ ಎಂಬ ರೂಪಗಳು ಸಾಮಾನ್ಯ. ಕೆಂಚಾರ್ಲಹಳ್ಳಿಯ ಸುತ್ತಿನ ತೆಲುಗನ್ನು ಬೆಜವಾಡೆಯ ಅಥವಾ ರಾಜಮಹೇಂದ್ರಿಯ ತೆಲುಗಿನೊಡನೆ ತೂಗಿ ಅಶುದ್ಧವೆಂದು ಹೇಳುವುದು ತಪ್ಪು. ಅದರ ಬಂಧುತ್ವವಿರುವುದು ಮದನಪಲ್ಲಿ, ಕದಿರಿ, ಹಿಂದೂಪುರಗಳ ಕಡೆಯ ಮಾತಿನೊಡನೆ.

ಈ ತಪ್ಪು ತೂಕದಿಂದ ನೋವುಣ್ಣುವವರೂ ಇದ್ದಾರೆ. ತೆಲುಗಿನಲ್ಲಿ ‘ಪೆದ್ದ’ ಎಂದರೆ ದೊಡ್ಡ, ಹಿರಿಯ; ಕನ್ನಡದ ಹೆದ್ದಾರಿ, ಹೆದ್ದೊರೆಗಳಲ್ಲಿರುವ ‘ಹೆದ್‌’ ಅದರ ಒಡಹುಟ್ಟು. ಕನ್ನಡದ ಬಳಕೆಯಲ್ಲಿ ‘ಪೆದ್ದ’ ಎಂದರೆ ದಡ್ಡ. ಪೆದ್ದಣ್ಣ, ಪೆದ್ದಪ್ಪ ಎಂಬ ಹೆಸರು ಹೊತ್ತ ಹುಡುಗನು ದೂರದ ಊರಿನ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಏಳುವ ನಗೆಯನ್ನು ತಗ್ಗಿದ ತಲೆಯಿಂದ ಕೇಳಬೇಕಾಗುತ್ತದೆ. ಮನೆಯ ಹಿರಿಯನ ಮೇಲಿನ ಗೌರವದಿಂದ ಇಟ್ಟ ಹೆಸರು ಅದೆಂದು ಆ ತರಗತಿಗೆ ತಿಳಿಸುವುದು ಅಧ್ಯಾಪಕನಿಗೆ ಒಂದು ನಿಮಿಷದ ಕೆಲಸ.

೪

ಇಂಥ ನುಡಿಯನ್ನು ವಿದ್ವಾಂಸರು ಏಕೆ ಸಂಗ್ರಹಿಸಲಿಲ್ಲ? ಅಲಕ್ಷ್ಯವೊಂದೇ ಕಾರಣವಲ್ಲ, ಸಮೀಕ್ಷೆಗಳ ಮೇರೆಗಳೇ ಹಾಗಿದ್ದುವು. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟ ಮುಂಡಾ ಮತ್ತು ದ್ರಾವಿಡ ಭಾಷೆಗಳಿಗೆ ಮೀಸಲಾಗಿ ೧೯೦೬ರಲ್ಲಿ ಹೊರಬಂದಿತು. ಆದರೆ ಮದರಾಸು ಆಧಿಪತ್ಯವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಆ ಸಮೀಕ್ಷೆಯ ಕ್ಷೇತ್ರದಿಂದ ಹೊರಗುಳಿದಿದ್ದುವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಪುನರ್ವಿಂಗಡಿತವಾದಾಗ ಕೋಲಾರ ಜಿಲ್ಲೆ ಮೈಸೂರಿನಲ್ಲಿಯೇ ಉಳಿಯಿತು. ಭದ್ರಿರಾಜು ಕೃಷ್ಣಮೂರ್ತಿಯವರು ರೈತರ ಬಾಯಿಂದಲೇ ಬೇಸಾಯದ ಶಬ್ದಗಳನ್ನು ಸಂಗ್ರಹಿಸಿ ಸಿದ್ಧಪಡಿಸಿದ ‘ಮಾಂಡಲಿಕ ವೃತ್ತಿಪದಕೋಶ’ದ ಮೊದಲ ಸಂಪುಟ ೧೯೬೨ರಲ್ಲಿ ಪ್ರಕಟವಾಯಿತು. ತೆಲುಗಿನ ಪ್ರಾಂತಭೇದಗಳ ಅಧ್ಯಯನಕ್ಕೆ ಅದು ಅಡಿಗಲ್ಲು. ಆದರೆ ಅದು ಆಂಧ್ರಪ್ರದೇಶದ ಜಿಲ್ಲೆಗಳನ್ನು ಕುರಿತದ್ದು. ಅದೇ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮೊದಲಾದೆಡೆಗಳ ಕನ್ನಡವನ್ನು ಕುರಿತು ಪ್ರಬಂಧಗಳನ್ನು ಹೊರತಂದಿತು. ಅವುಗಳ ವಿಷಯ ಕನ್ನಡ. ಸಂಸ್ಥಾನವೊಂದರೊಳಗೆ ಇದ್ದುದರಿಂದ ಮೊದಲನೆಯದರಿಂದಲೂ, ಆಂಧ್ರದ ಹೊರಗಿದ್ದುದರಿಂದ ಎರಡನೆಯದರಿಂದಲೂ, ತೆಲುಗಾಗಿದ್ದುದರಿಂದ ಮೂರನೆಯದರಿಂದಲೂ ಈ ನುಡಿ ಜಾರಿಹೋಯಿತು.

ಜನಗಣತಿಯಿಂದಲೂ ಈ ಕೊರತೆ ತುಂಬುವುದಿಲ್ಲ. ಗಣತಿಯಲ್ಲಿ ಒಬ್ಬನಿಗೆ ಒಂದೇ ಮಾತೃಭಾಷೆ. ಬಲ್ಲ ಇತರ ಭಾಷೆಗಳಿಗೆ ಬೇರೆ ಕಲಮು. ತಾಯಿಯೊಡನೆ ತೆಲುಗು, ತಂಗಿಯ ಮಕ್ಕಳೊಡನೆ ಕನ್ನಡ ಆಡುವವನು ಯಾವುದನ್ನು ಬರೆಸಿದರೂ ಅರ್ಧವನ್ನೇ ಬರೆಸಿದಂತೆ. ಎರಡು ರಾಜ್ಯಗಳ ವಾದಕ್ಕೆ ಅಂಕಿಗಳು ಬೇಕಾದಾಗ ಈ ಅರ್ಧಗಳನ್ನೇ ಕೂಡಿಸಿ ಪೂರ್ಣವೆಂದು ಮಂಡಿಸಲಾಗುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಒದಗಿದ ಸ್ಥಿತಿಯಲ್ಲ. ಯೂರೋಪಿನ ಜರ್ಮಾನಿಕ್ ಭಾಷೆಗಳ ಗಡಿಗಳಲ್ಲಿ ಇದರ ಪ್ರತಿರೂಪವನ್ನು ಕಾಣಬಹುದು. ರೈನ್ ನದಿಯ ಎರಡು ದಡಗಳಲ್ಲಿ, ಫ್ರಾನ್ಸಿನ ಆಲ್ಸೇಸಿನಲ್ಲಿಯೂ ಜರ್ಮನಿಯ ಬಾಡೆನ್ನಿನಲ್ಲಿಯೂ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿಯೂ, ಅಲೆಮಾನಿಕ್ ಎಂಬ ಒಂದೇ ಗುಂಪಿನ ಉಪಭಾಷೆಗಳು ಹರಡಿವೆ. ಆಲ್ಸೇಸು ೧೮೭೧ರಲ್ಲಿ ಜರ್ಮನಿಗೆ, ಒಂದನೆಯ ಮಹಾಯುದ್ಧದ ಕೊನೆಗೆ ಫ್ರಾನ್ಸಿಗೆ, ೧೯೪೦ರಲ್ಲಿ ಮತ್ತೆ ಜರ್ಮನಿಯ ವಶಕ್ಕೆ, ಯುದ್ಧ ಮುಗಿದಾಗ ಪುನಃ ಫ್ರಾನ್ಸಿಗೆ ಹೋಯಿತು. ಪ್ರತಿಸಲವೂ ಶಾಲೆಯ ಭಾಷೆ ಬದಲಾಯಿತು. ಅಡಿಗೆಮನೆಯ ಮಾತು ಬಹುಕಾಲ ಅದೇ ಆಗಿತ್ತು. ೧೯೪೫ರ ಅನಂತರ ಫ್ರೆಂಚ್ ಶಾಲೆಗಳಲ್ಲಿ ಆ ಮಾತಿಗೆ ಮನ್ನಣೆ ತಪ್ಪಿ, ತಲೆಮಾರಿನಿಂದ ತಲೆಮಾರಿಗೆ ಅದನ್ನು ಆಡುವವರ ಸಂಖ್ಯೆ ಇಳಿಯಿತು.

ಆದರೆ ಅಲ್ಲಿಯ ವಿದ್ವಾಂಸರಿಗೆ ಒಂದು ಅನುಕೂಲವಿತ್ತು. ಗೇಯೋರ್ಗ್ ವೆಂಕರ್ ಎಂಬುವರು ೧೮೭೬ರಲ್ಲಿ ರೈನ್ ಸೀಮೆಯ ಶಾಲಾಮಾಸ್ತರರಿಗೆ ಕೆಲವು ವಾಕ್ಯಗಳನ್ನು ಕಳುಹಿಸಿ, ಅವನ್ನು ತಮ್ಮ ಊರಿನ ಮಾತಿನಲ್ಲಿ ಬರೆದು ಕಳುಹಿಸಬೇಕೆಂದು ಕೇಳಿದರು. ಈ ಕೆಲಸ ಮುಂದೆ ಇಡೀ ಜರ್ಮನಿಗೆ ವಿಸ್ತರಿಸಿತು. ಉಪಭಾಷೆಗಳ ನಡುವೆ ಸ್ಪಷ್ಟವಾದ ಗೆರೆಗಳಿರುವುವೆಂಬ ನಿರೀಕ್ಷೆ ಆ ಉತ್ತರಗಳಿಂದ ಹುಸಿಯಾಯಿತು. ಒಂದೇ ಕಕಾರದ ಮಾರ್ಪಾಟು ‘ಮಾಡು’ ಎಂಬರ್ಥದ ಶಬ್ದದಲ್ಲಿ ಬೆನ್ರಾಟಿನ ಬಳಿ ರೈನನ್ನು ದಾಟಿದರೆ, ‘ನಾನು’ ಎಂಬರ್ಥದ ಶಬ್ದದಲ್ಲಿ ಅದಕ್ಕಿಂತ ಉತ್ತರದ ಊರ್ಡಿಂಗೆನ್ನಿನ ಬಳಿ ದಾಟುತ್ತಿತ್ತು. ಪ್ರತಿಯೊಂದು ಶಬ್ದಕ್ಕೂ ತನ್ನದೇ ಆದ ಗಡಿ ಉಂಟೆಂಬ ತಿಳಿವು ಈ ಕೆಲಸದಿಂದ ದೃಢವಾಯಿತು. ಕನ್ನಡಿಗರಿಗೆ ನಿಘಂಟನ್ನು ಕೊಟ್ಟ ಕಿಟ್ಟೆಲರು ೧೮೩೨ರಲ್ಲಿ ಹುಟ್ಟಿದ ಪೂರ್ವ ಫ್ರೀಸಿಯವೂ ನೆದರ್ಲೆಂಡಿನ ಗಡಿಗೆ ಹತ್ತಿದ, ಕೆಳಜರ್ಮನ್ ಆಡುನುಡಿಯಿದ್ದ ಸೀಮೆಯೇ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಕನ್ನಡ ಶಬ್ದಗಳ ಜೊತೆಗೆ ತೆಲುಗಿನ ಸೋದರರೂಪಗಳನ್ನೂ ಕೊಟ್ಟಿರುವುದರಿಂದ ಗಡಿಸೀಮೆಯ ಅಭ್ಯಾಸಿಗೆ ಅದು ಇಂದಿಗೂ ಮೊದಲ ಆಸರೆ.

೫

ಈಗ ಈ ವಿಷಯವನ್ನು ಎತ್ತಿಕೊಳ್ಳಲು ವಿಶೇಷ ಕಾರಣವಿದೆ. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಏರ್ಪಟ್ಟಿತು. ೨೦೨೫ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಮಂತ್ರಿಮಂಡಲವು ಬಾಗೇಪಲ್ಲಿಗೆ ಭಾಗ್ಯನಗರವೆಂದು ಹೆಸರಿಡಲು ನಿರ್ಧರಿಸಿತು. ಊರಿನ ಹೆಸರನ್ನು ಬದಲಾಯಿಸುವ ಅಧಿಕಾರ ಸರ್ಕಾರಕ್ಕೆ ಉಂಟು. ಅದರ ಯುಕ್ತಾಯುಕ್ತತೆಯನ್ನು ನಿರ್ಣಯಿಸುವುದು ಈ ಲೇಖನದ ಕೆಲಸವಲ್ಲ. ಆದರೆ ‘ಪಲ್ಲಿ’ ಎಂಬುದು ಕನ್ನಡಕ್ಕೆ ಅನ್ಯವೆಂಬ ಭಾವನೆಯನ್ನು ಮಾತ್ರ ಭಾಷಾಚರಿತ್ರೆಯ ವಿದ್ಯಾರ್ಥಿ ಒಪ್ಪಲಾರನು. ಇಂದಿನ ‘ಹಳ್ಳಿ’ಯೇ ಹಳಗನ್ನಡದ ‘ಪಳ್ಳಿ’. ಬಾಗೇಪಲ್ಲಿಯ ಲಕಾರ ತೆಲುಗಿನದೆಂದು ಒಪ್ಪಿದರೂ ಅದರ ಪಕಾರವು ಒಂದು ಕಾಲಕ್ಕೆ ಎರಡು ಭಾಷೆಗಳ ಸಮಾನ ಆಸ್ತಿಯಾಗಿತ್ತು. ಆ ಹೆಸರಿನಲ್ಲಿ ತೆಲುಗು ಎಷ್ಟಿದೆಯೋ ಕನ್ನಡದ ಬಾಲ್ಯವೂ ಅಷ್ಟೇ ಇದೆ.

ಹೆಸರುಗಳಾದರೂ ಕಡತಗಳಲ್ಲಿ ಉಳಿದಾವು, ಮಾತು ಹಾಗಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಒದಗಿಸಲು ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ಎ ಎಂಬ ವಿಧಿಯನ್ನು ಸೇರಿಸಲಾಯಿತು. ಆದರೆ ಪಠ್ಯಪುಸ್ತಕದ ತೆಲುಗು ಈ ಮನೆಗಳ ತೆಲುಗಲ್ಲ. ಈ ಮನೆಗಳವರು ಕನ್ನಡ ಶಾಲೆಯನ್ನು ಹೊರಗಿನದೆಂದು ಎಣಿಸಿದವರೂ ಅಲ್ಲ. ಅವರಿಗೆ ಕನ್ನಡ ಓದಿನ ಭಾಷೆ, ತೆಲುಗು ನೆಂಟಸ್ತಿಕೆಯ ಭಾಷೆ. ಒಂದಕ್ಕೆ ಬೆಲೆ ಕೊಡಲು ಇನ್ನೊಂದನ್ನು ಬಿಡಬೇಕೆಂದು ಹಿಂದೆ ಯಾರೂ ಅವರಿಗೆ ಹೇಳಿರಲಿಲ್ಲ. ಈಗ ಕೆರೆಯ ನೀರಿಗೆ ಬದಲಾಗಿ ಕೊಳವೆಬಾವಿಯ ನೀರಿನಿಂದ ಬೆಳೆ ತೆಗೆಯುವ ಕಾಲ. ನೀರಗಂಟಿಯ ಕೆಲಸ ತಪ್ಪಿದಲ್ಲಿ ಅವನ ಶಬ್ದಗಳೂ ತಪ್ಪುತ್ತವೆ. ತೂಬಿನ ಭಾಗಗಳಿಗೆ, ಸರದಿಯ ಕ್ರಮಗಳಿಗೆ, ಗದ್ದೆಯ ಮಡಿಗಳಿಗೆ ಎರಡು ಭಾಷೆಗಳಲ್ಲಿಯೂ ಹೆಸರು ಬಲ್ಲ ವೃದ್ಧರು ಕಣ್ಮರೆಯಾದ ಮೇಲೆ ಯಾವ ಶಾಸನವನ್ನು ಓದಿಯೂ ಅವನ್ನು ಮರಳಿ ಪಡೆಯಲಾಗುವುದಿಲ್ಲ.

ಆದುದರಿಂದ ವೆಂಕರರ ಕಾಗದ ಹೋದಂತೆ ಒಂದು ಕಾಗದ ಈ ಸೀಮೆಯ ಶಾಲೆಗಳಿಗೆ ಹೋಗಬೇಕಾಗಿದೆ. ಕೆರೆ, ರಾಗಿ, ಅವರೆ, ಹಿಪ್ಪುನೇರಳೆ ಕಡ್ಡಿ, ರೇಷ್ಮೆಗೂಡು, ಬಂಧುತ್ವ, ಹಬ್ಬ ಇವಿಷ್ಟರ ಶಬ್ದಗಳನ್ನು ಹೋಬಳಿವಾರು ಸಂಗ್ರಹಿಸಿದರೂ ಸಾಕು, ಒಳ್ಳೆಯ ಪ್ರಾರಂಭವಾಗುತ್ತದೆ. ಸಂಗ್ರಹಕಾರನು ಒಂದು ಭಾಷೆಯನ್ನು ಮಾತ್ರ ಬರೆದುಕೊಳ್ಳಕೂಡದು. ಒಬ್ಬನೇ ವ್ಯಕ್ತಿಯಿಂದ ಒಂದೇ ವಸ್ತುವಿಗೆ ಎರಡು ಹೆಸರನ್ನೂ, ಯಾವುದನ್ನು ಯಾರೊಡನೆ ಆಡುವನೆಂಬುದನ್ನೂ ಗುರುತಿಸಿಕೊಳ್ಳಬೇಕು. ಬರೆಯಲು ಕನ್ನಡ ಲಿಪಿ ಸಾಕು. ಕೈವಾರದ ಭಕ್ತರು ಆ ದಾರಿಯನ್ನು ಆಗಲೇ ತೋರಿಸಿಕೊಟ್ಟಿದ್ದಾರೆ. ಇದಕ್ಕೆ ಹೊರಗಿನಿಂದ ವಿದ್ವಾಂಸರು ಬರಬೇಕಾದುದಿಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವ ಚ��ಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗಳೇ ಈ ಕಾರ್ಯಕ್ಕೆ ಅತ್ಯಂತ ಅರ್ಹರು. ರಜೆಯಲ್ಲಿ ಊರಿಗೆ ಹೋದಾಗ ಅವರು ಮನೆಯ ಹಿರಿಯರ ಬಳಿ ಕುಳಿತು ಬರೆದುಕೊಂಡು ಬಂದ ಹತ್ತು ಪುಟಗಳು ಕೆಂಚಾರ್ಲಹಳ್ಳಿಯ ಚರಿತ್ರೆಗೆ, ಕನ್ನಡದ ಚರಿತ್ರೆಗೆ, ತೆಲುಗಿನ ಚರಿತ್ರೆಗೆ ಏಕಕಾಲದಲ್ಲಿ ಆಧಾರವಾಗುತ್ತವೆ.